ಬೈಂಡರ್ ತಾತನ ತಪ್ಪುಗಳು

ನಮ್ಮ ಬೀದಿಯಲ್ಲಿ ಇವರನ್ನು ಹೆಸರು ಹಿಡಿದು ಕರೆದವರನ್ನು ನಾನು ನೋಡಿಲ್ಲ. ದೊಡ್ಡವರಿಗೆ ಬೈಂಡರ್, ಮಕ್ಕಳಿಗೆ ಬೈಂಡರ್ ತಾತ, ನನಗೆ "ರೀ". ನಲವತ್ತಾರು ವರ್ಷ ಹರಿದ ಪುಸ್ತಕಗಳಿಗೆ ಬೆನ್ನು ಕಟ್ಟಿದ ಮನುಷ್ಯ. ಶಾಲೆಯ ಹಾಜರಿ ಪುಸ್ತಕ, ವಕೀಲರ ಕಚೇರಿಯ ದಪ್ಪ ಸಂಪುಟ, ಯಾರೋ ಮುದುಕಿ ಎದೆಗವಚಿಕೊಂಡು ತಂದ ಹಳೆಯ ಅಡುಗೆ ಪುಸ್ತಕ, ಎಲ್ಲಕ್ಕೂ ಇವರ ಕೈಯಲ್ಲಿ ಒಂದೇ ಮರ್ಯಾದೆ. ಬಿಚ್ಚು, ಒರೆಸು, ಹೊಲಿ, ಅಂಟಿಸು, ಒತ್ತು, ಕತ್ತರಿಸು. ಈ ಆರು ಹೆಜ್ಜೆ ಇವರಿಗೆ ಮಗ್ಗಿಯ ಹಾಗೆ ಬಾಯಿಪಾಠ. ಊಟಕ್ಕೆ ಕರೆದರೆ "ಈಗ ಒತ್ತಲ್ಲಿದ್ದೀನಿ, ಕತ್ತರಿಸಿಬಿಟ್ಟು ಬರ್ತೀನಿ" ಅನ್ನುತ್ತಿದ್ದರು. ಹೊಸಬರು ಕೇಳಿದರೆ ಹೆದರಬೇಕು.

ನಾನು ಇವರ ಹೆಂಡತಿ. ಇವರ ಕಥೆ ಹೇಳಲು ಬೇರೆ ಯಾರಾದರೂ ಇದ್ದಿದ್ದರೆ ಚೆನ್ನಾಗಿತ್ತು, ಯಾಕೆಂದರೆ ಇವರಿಗೆ ಆದ ಮೋಸದಲ್ಲಿ ನನ್ನ ಪಾಲೂ ಇದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯ ತನಕ ಮುಚ್ಚಿಟ್ಟು ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವವಳು ನಾನಲ್ಲ.

ನಮ್ಮ ಮನೆಯ ಮುಂದಿನ ಕೋಣೆಯೇ ಇವರ ಕೆಲಸದ ಜಾಗ. ಅದರ ಹಿಂದೆ ಅಡುಗೆಮನೆ, ಬಚ್ಚಲು. ಮಲಗುವುದು ಮಹಡಿಯ ಮೇಲೆ, ಹದಿನಾಲ್ಕು ಮೆಟ್ಟಿಲು ಹತ್ತಿ. ಮುಂದಿನ ಕೋಣೆಯಲ್ಲಿ ಗೋಡೆಗೊರಗಿದ ರಟ್ಟುಗಳು, ಕಪಾಟಿನಲ್ಲಿ ರಟ್ಟಿಗೆ ಹೊದಿಸಲು ಸುತ್ತಿಟ್ಟ ಕ್ಯಾಲಿಕೊ ಬಟ್ಟೆ, ಮೂಲೆಯಲ್ಲಿ ಪುಸ್ತಕ ಒತ್ತಿಡುವ ತಿರುಪಿನ ಪ್ರೆಸ್ಸು, ನಡುವೆ ಕಟಿಂಗ್ ಮಿಷನ್ನು. ಸೊಂಟದೆತ್ತರದ ಕಬ್ಬಿಣ, ಮೇಲೆ ಹಾಳೆ ಅದುಮಲು ಒಂದು ಚಕ್ರ, ಪಕ್ಕದಲ್ಲಿ ತೋಳುದ್ದದ ಹಿಡಿ. ಹಿಡಿ ಎಳೆದರೆ ಅಲಗು ಇಳಿದು ಇನ್ನೂರು ಹಾಳೆಯನ್ನು ಬೆಣ್ಣೆಯ ಹಾಗೆ ಕತ್ತರಿಸುತ್ತದೆ. ಮೊಮ್ಮಗಳು ಹುಟ್ಟಿದ ಮೇಲೆ ಆ ಹಿಡಿಗೆ ಸರಪಳಿ ಹಾಕಿ ಬೀಗ ಹಾಕುತ್ತಿದ್ದರು. ಬೀಗದ ಕೈ ಇವರ ಅಂಗಿ ಜೇಬಿನಲ್ಲೇ.

ನನಗೆ ಮಂಡಿನೋವು ಶುರುವಾಗಿ ಐದು ವರ್ಷ. ಆ ಮೆಟ್ಟಿಲು ಹತ್ತುವಾಗ ನನ್ನ ಬಾಯಿ ಸುಮ್ಮನಿರುತ್ತಿರಲಿಲ್ಲ. "ಆ ಕಬ್ಬಿಣದ ಸವತೀನ ಹೊರಗೆ ಹಾಕಿದ್ರೆ ನಾನು ಕೆಳಗೇ ಹಾಯಾಗಿ ಬಿದ್ಕೊಂಡಿರ್ತೀನಿ" ಅನ್ನುತ್ತಿದ್ದೆ. "ಅವಳು ನಿನಗಿಂತ ಮೊದಲು ಈ ಮನೆಗೆ ಬಂದವಳು ಕಣೇ, ಹಿರಿಯಳಿಗೆ ಮರ್ಯಾದೆ ಕೊಡು" ಅನ್ನುತ್ತಿದ್ದರು ಇವರು. ಇಬ್ಬರೂ ನಗುತ್ತಿದ್ದೆವು. ನಮ್ಮ ಮನೆಯ ರೂಢಿಯೇ ಅದು. ಹೇಳಲೇಬೇಕಾದ ಮಾತನ್ನೆಲ್ಲ ತಮಾಷೆಗೆ ಸುತ್ತಿ ಹೇಳುವುದು.

ಇವರು ಕಲಿಸುವ ರೀತಿಯೂ ಒಂದು ತಮಾಷೆಯೇ. ಮದುವೆಯಾದ ಹೊಸದರಲ್ಲಿ ಅಚ್ಚಾದ ಹಾಳೆ ಮಡಿಸುವುದನ್ನು ನನಗೆ ಕಲಿಸಿದರು. ಎರಡು ಸಲ ಸರಿಯಾಗಿ ಮಡಿಸಿ ತೋರಿಸಿ, ಮೂರನೇ ಸಲ ಎಂಟನೇ ಪುಟದ ಪಕ್ಕ ಹದಿಮೂರನೇ ಪುಟ ಬರುವ ಹಾಗೆ ಮಡಿಸಿ, ಏನೂ ಗೊತ್ತಿಲ್ಲದವರ ಹಾಗೆ ಕೂತರು. ನಾನು ಹೊಸ ಹೆಂಡತಿ, ಬಾಯಿ ಬಿಡಲು ನಾಚಿಕೆ. ತಡೆಯಲಾರದೆ "ಇದು ತಪ್ಪಲ್ವಾ?" ಎಂದೆ. ಇವರ ಮುಖ ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. "ಸರಿ ಮಾಡಿದ್ದನ್ನ ನೋಡಿದವರು ಮರೀತಾರೆ. ತಪ್ಪು ಹಿಡಿದವರು ಸಾಯೋ ತನಕ ಮರೆಯಲ್ಲ" ಎಂದರು. ಇವರ ಗುರು ಇವರಿಗೆ ಕಲಿಸಿದ್ದೂ ಹಾಗೆಯೇ ಅಂತೆ. ಕೆಲಸ ಕಲಿಯಲು ಬಂದವರಿಗೆಲ್ಲ ಇವರು ಹೀಗೆ ಬೇಕಂತಲೇ ತಪ್ಪು ಮಾಡಿ ತೋರಿಸುತ್ತಿದ್ದರು. ಎಷ್ಟು ಚೆನ್ನಾಗಿ ನಟಿಸುತ್ತಿದ್ದರೆಂದರೆ ಕಲಿಯುವವರು ಮನೆಗೆ ಹೋಗಿ "ನಮ್ಮ ಮೇಷ್ಟ್ರಿಗೇ ಬರಲ್ಲ" ಎಂದು ಹೇಳಿದ್ದೂ ಉಂಟು.

ನಮಗೆ ಒಬ್ಬಳೇ ಮಗಳು. ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ, ಇದೇ ಊರಿನಲ್ಲಿ ಅರ್ಧ ಗಂಟೆ ಬಸ್ಸಿನ ದೂರದಲ್ಲಿ ಮನೆ. ದಿನವಿಡೀ ವಯಸ್ಸಾದವರ ತೋಳಿಗೆ ಸೂಜಿ ಚುಚ್ಚಿ ಚುಚ್ಚಿ, ಅರವತ್ತು ದಾಟಿದವರೆಲ್ಲ ಈಗಲೋ ಆಗಲೋ ಬೀಳುವವರ ಹಾಗೆ ಅವಳ ಕಣ್ಣಿಗೆ ಕಾಣತೊಡಗಿದ್ದರು. ಎರಡು ವರ್ಷದಿಂದ ಒಂದೇ ರಾಗ. "ಅಪ್ಪ, ಆ ಮಿಷನ್ ಕೊಟ್ಟುಬಿಡಿ. ಎಪ್ಪತ್ತನಾಲ್ಕು ಆಯ್ತು. ಒಂದು ದಿನ ಮರೆತು ಬೆರಳಿಟ್ಟರೆ ಏನು ಗತಿ?"

ಇವರು ನಕ್ಕು ತಳ್ಳಿಹಾಕುತ್ತಿದ್ದರು. ಒಂದು ದಿನ ಮಾತ್ರ ನಗದೆ ಹೇಳಿದರು. "ನಾನು ಕೆಲಸದಲ್ಲಿ ಒಂದೇ ಒಂದು ಹೆಜ್ಜೆ ಮರೆತೆ ಅಂತ ತೋರಿಸು. ಅವತ್ತೇ ಬೀಗದ ಕೈ ನಿನ್ನ ಕೈಗೆ. ಅಲ್ಲೀ ತನಕ ಈ ಮಾತು ಎತ್ತಬೇಡ."

"ಮಾತು ಅಂದ್ರೆ ಮಾತು" ಎಂದಳು ಮಗಳು.

"ನಾನು ಯಾವತ್ತು ತಪ್ಪಿದ್ದೀನಿ?"

ಇದಾಗಿ ಎರಡು ತಿಂಗಳಿಗೆ ಮೊಮ್ಮಗಳಿಗೆ ರಜೆ ಬಂತು. ಆರೂವರೆ ವರ್ಷದ ಹುಡುಗಿ, ಅಳಿಲಿನ ಹಾಗೆ ಒಂದು ಕಡೆ ನಿಲ್ಲುವವಳಲ್ಲ, ಅದಕ್ಕೇ ನಾವು ಅವಳನ್ನು ಇಣಚಿ ಅನ್ನುವುದು. ಮಗಳು ಅವಳನ್ನು ಇಪ್ಪತ್ತು ದಿನಕ್ಕೆ ನಮ್ಮಲ್ಲಿ ಬಿಟ್ಟು ಹೋದಳು. ಹೋಗುವಾಗ ಎರಡು ವಸ್ತು ಕೊಟ್ಟಳು. ಒಂದು, ಫೋನಿನಿಂದ ಅಚ್ಚು ಹಾಕಿಸಿದ ಹಾಳೆ: ಅಜ್ಜ ಅಜ್ಜಿ ಮೊಮ್ಮಕ್ಕಳ ಜೊತೆ ರಜೆಯಲ್ಲಿ ಮಾಡಬಹುದಾದ ಹತ್ತು ಸುಲಭ ಕೈಕೆಲಸಗಳು. ಇನ್ನೊಂದು, ಮಗುವಿಗೆ ದಿನಚರಿ ಬರೆಯಲು ಗುಲಾಬಿ ಬಣ್ಣದ ಪುಸ್ತಕ.

ಇವರು ಕನ್ನಡಕ ಏರಿಸಿ ಪಟ್ಟಿ ಓದಿದರು. "ಐಸ್‌ಕ್ರೀಂ ಕಡ್ಡಿ ಮನೆ. ಬಾಟಲಿ ಮುಚ್ಚಳದ ಹೂವು. ಹತ್ತಿ ಮೊಲ. ಲೇ, ನಲವತ್ತಾರು ವರ್ಷ ಬೈಂಡಿಂಗ್ ಮಾಡಿದ ಕೈ ಕಣೇ ಇದು. ಹತ್ತಿ ಮೊಲ ಅಂಟಿಸೋಕಾ?" ಎಂದು ಆ ಪಟ್ಟಿಯನ್ನೇ ನಾಲ್ಕು ಮಡಿಕೆ ಮಾಡಿ ಟೋಪಿಯಾಗಿಸಿ ಇಣಚಿಯ ತಲೆಗಿಟ್ಟರು. ಅಲ್ಲಿಗೆ ಮೊದಲನೇ ಕೈಕೆಲಸ ಮುಗಿಯಿತು.

ಎರಡನೆಯದು ಒಂದೇ ಹಾಳೆಯ ಪುಸ್ತಕ. ಹೊಲಿಗೆ ಬೇಡ, ಅಂಟು ಬೇಡ. ಹಾಳೆಯನ್ನು ಅರ್ಧ, ಮತ್ತೆ ಅರ್ಧ, ಮತ್ತೆ ಅರ್ಧ ಮಡಿಸಿ ಬಿಡಿಸಿದರೆ ಎಂಟು ಮನೆ ಮೂಡುತ್ತದೆ. ಉದ್ದದ ನಡುಗೆರೆಯನ್ನು ಮಧ್ಯದ ಎರಡು ಮನೆಯಷ್ಟು ಮಾತ್ರ ಕತ್ತರಿಸಿ, ಹಾಳೆಯನ್ನು ಉದ್ದಕ್ಕೆ ಮಡಿಸಿ, ಎರಡೂ ತುದಿ ಹಿಡಿದು ಒಳಕ್ಕೆ ತಳ್ಳಿದರೆ ಪುಟ ಪುಟವಾಗಿ ಕೂತುಬಿಡುತ್ತದೆ. ಒಂದು ಮಾಡಿ ತೋರಿಸಿದರು. ಎರಡು ಮಾಡಿ ತೋರಿಸಿದರು. ಮೂರನೆಯದಕ್ಕೆ ಕತ್ತರಿಯನ್ನು ಹಾಳೆಯ ಅಂಚಿನಿಂದಲೇ ಓಡಿಸಿ ಎರಡು ತುಂಡು ಮಾಡಿ, "ಅಯ್ಯೋ, ಇದೇನಾಗ್ಹೋಯ್ತು?" ಎಂದು ತಲೆ ಕೆರೆದುಕೊಂಡರು.

"ತಾತ! ಅಂಚಿಂದ ಅಲ್ಲ! ಮಧ್ಯ ಮಾತ್ರ!"

"ಹೌದೇನಮ್ಮ? ಮರೆತೇ ಹೋಗಿತ್ತು ನೋಡು."

ಇಣಚಿ ಸೊಂಟದ ಮೇಲೆ ಕೈಯಿಟ್ಟು ಮೇಷ್ಟ್ರಾದಳು. ನಾನು ಬಾಗಿಲಲ್ಲಿ ನಿಂತು ನಗುತ್ತಿದ್ದೆ. ಇವರು ನನ್ನತ್ತ ನೋಡಿ ಒಂದು ಕಣ್ಣು ಮಿಟುಕಿಸಿದರು.

ಆಮೇಲೆ ದಿನಕ್ಕೊಂದು. ಮೈದಾ ಹಿಟ್ಟನ್ನು ನೀರಿನಲ್ಲಿ ಕದಡಿ ಕುದಿಸಿ ಅಂಟು ಮಾಡಿ, ಅದಕ್ಕೆ ಬಣ್ಣ ಬೆರೆಸಿ, ಹಾಳೆಗೆ ಬಳಿದು, ಹಲ್ಲು ಮುರಿದ ನನ್ನ ಬಾಚಣಿಗೆಯಿಂದ ಎಳೆದರು. ನೀಲಿ ಅಲೆಗಳು ಎದ್ದವು. ಎರಡನೇ ಹಾಳೆಯನ್ನು ಬಣ್ಣದ ಮಗ್ಗುಲು ಕೆಳಗೆ ಮಾಡಿ ಮೇಜಿನ ಮೇಲೆ ಒಣಗಲು ಹಾಕಿದರು. ಇಣಚಿ ಕಿರುಚಿದ್ದು ಎದುರು ಮನೆಗೆ ಕೇಳಿಸಿತು. ಹಳೇ ಕ್ಯಾಲೆಂಡರಿನಲ್ಲಿ ಮುಚ್ಚಳವಿರುವ ಡಬ್ಬಿ ಮಾಡಿದರು. ಮುಚ್ಚಳದ ಹಾಳೆ ತಳದ ಹಾಳೆಗಿಂತ ಒಂದು ಎಳೆ ದೊಡ್ಡದಿರಬೇಕು, ಇವರು ಎರಡನ್ನೂ ಸಮ ಕತ್ತರಿಸಿ, ಮುಚ್ಚಳ ಕೂರುತ್ತಿಲ್ಲವೆಂದು ಡಬ್ಬಿಯನ್ನೇ ಬೈದರು. ಹಾಳೆಗೂ ಮರದ ಹಾಗೆ ನಾರು ಇರುತ್ತದೆಂದು, ಒಂದು ತುಂಡನ್ನು ಒದ್ದೆ ಮಾಡಿ ಅದು ಯಾವ ಕಡೆ ಸುರುಳಿ ಸುತ್ತುತ್ತದೆ ಎಂದು ತೋರಿಸಿದರು. ಮೂರು ತೂತಿನ ಹೊಲಿಗೆಯನ್ನೂ ಕಲಿಸಿದರು. ಸೂಜಿ ನಡುವಿನ ತೂತಿನಿಂದ ಒಳಗಿಂದ ಹೊರಡಬೇಕು, ಗಂಟು ಒಳಗೇ ಬೀಳಬೇಕು. ಇವರು ಹೊರಗಿನಿಂದ, ಅದೂ ತುದಿಯಿಂದ ಶುರು ಮಾಡಿದರು. ಮಗು ಇವರ ಕೈಯಿಂದ ಸೂಜಿ ಕಿತ್ತುಕೊಂಡು ತಾನೇ ಹೊಲಿಯಿತು. ಆರೂವರೆ ವರ್ಷದ ಮಗು, ಮೂರು ತೂತು, ಗಂಟು ಒಳಗೆ. ಇವರಿಗೆ ಆದ ಸಂತೋಷಕ್ಕೆ ಅವತ್ತು ಎರಡು ಲೋಟ ಟೀ ಹೆಚ್ಚಿಗೆ ಕುಡಿದರು.

ದಿನವೂ ಕೆಲಸ ಮುಗಿದ ಮೇಲೆ ಇಣಚಿ ಗುಲಾಬಿ ಪುಸ್ತಕ ಬಿಡಿಸಿ, ನಾಲಿಗೆ ಹೊರಚಾಚಿ ಬರೆಯುತ್ತಿದ್ದಳು. ಶಾಲೆಯವರು ಹೇಳಿದ್ದಿರಬೇಕು ಎಂದುಕೊಂಡಿದ್ದೆ.

ಹನ್ನೊಂದನೇ ದಿನ ಅಡುಗೆಮನೆಗೆ ಬಂದು ಕೇಳಿದಳು. "ಅಜ್ಜಿ, ತಾತ ಇವತ್ತು ಮರೆತಿದ್ದು ಎರಡಾ, ಮೂರಾ?"

"ಮೂರು ಬರ್ಕೋ. ಕನ್ನಡಕ ಎಲ್ಲಿಟ್ಟೆ ಅಂತ ಹುಡುಕಿದ್ರಲ್ಲ, ಅದನ್ನೂ ಸೇರಿಸು" ಎಂದೆ ನಗುತ್ತಾ. "ಅದೆಲ್ಲ ಯಾಕೆ ಬರೀತೀಯೇ?"

"ಅಮ್ಮ ಹೇಳಿದಾಳೆ. ತಾತ ಏನೇನು ಮರೀತಾರೋ ದಿನಾ ಬರೀಬೇಕು, ಯಾರಿಗೂ ಹೇಳಬಾರದು. ಎಲ್ಲ ಬರೆದ್ರೆ ಬಣ್ಣದ ಪೆನ್ನಿನ ದೊಡ್ಡ ಡಬ್ಬಿ ಕೊಡಿಸ್ತಾಳೆ. ಅಜ್ಜಿ, ನಿನಗೆ ಹೇಳಿಬಿಟ್ಟೆನಲ್ಲ!" ಎಂದು ಬಾಯಿ ಮುಚ್ಚಿಕೊಂಡಳು.

ಎಲ್ಲ ಅರ್ಥವಾಯಿತು. ಹತ್ತು ಸುಲಭ ಕೈಕೆಲಸ ಎಂದು ಕೊಟ್ಟಿದ್ದು ಮಗುವಿನ ಆಟಕ್ಕಲ್ಲ, ಇವರ ಪರೀಕ್ಷೆಗೆ. ಪರೀಕ್ಷೆ ಎಂದು ಗೊತ್ತಿಲ್ಲದ ಮನುಷ್ಯ ಖುಷಿಖುಷಿಯಾಗಿ ದಿನಕ್ಕೆ ಎರಡು ಮೂರು ಸಲ ಫೇಲಾಗುತ್ತಿದ್ದರು. ಮಗುವಿನ ತಪ್ಪೇನೂ ಇಲ್ಲ. ಅದಕ್ಕೆ ಇದೊಂದು ಆಟ, ಬಹುಮಾನ ಇರುವ ಆಟ.

ಆ ಹೊತ್ತೇ ಮುಂದಿನ ಕೋಣೆಗೆ ಹೋಗಿ "ರೀ, ಇನ್ನು ತಪ್ಪು ಮಾಡೋ ನಾಟಕ ಸಾಕು" ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಬೇಕೆಂದೇ ಒಲೆ ಆರಿಸಿದೆ. ಅವತ್ತು ಒಗೆದ ಬಟ್ಟೆ, ಮಗುವಿನ ಹೊದಿಕೆ, ಮಾತ್ರೆ, ಮತ್ತೊಂದು ಎಂದು ನಾಲ್ಕು ಸಲ ಮಹಡಿ ಹತ್ತಿ ಇಳಿದಿದ್ದೆ. ಎಡಗಾಲು ನೆಲಕ್ಕೂರಿದರೆ ಪ್ರಾಣ ಹೋಗುತ್ತಿತ್ತು. ಬಾಗಿಲ ತನಕ ಬಂದವಳು ಆ ಕೋಣೆಯನ್ನು ನೋಡಿದೆ. ಕಿಟಕಿಯ ಕೆಳಗೆ ಮಂಚ ಹಾಕಿದರೆ ಗಾಳಿ ಚೆನ್ನಾಗಿ ಬರುತ್ತದೆ ಎಂಬ ಯೋಚನೆ ಬಂತು. ಬಚ್ಚಲು ಆರು ಹೆಜ್ಜೆ. ವಾಪಸು ಹೋಗಿ ಒಲೆ ಹಚ್ಚಿದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಇನ್ನೂ ಒಂಬತ್ತು ದಿನ ಕಳೆದೆ. ಇವರು ಕಣ್ಣು ಮಿಟುಕಿಸಿದಾಗಲೆಲ್ಲ ನಾನೂ ನಕ್ಕೆ.

ಇಪ್ಪತ್ತನೇ ದಿನ ಭಾನುವಾರ. ಮಗಳು, ಅಳಿಯ ಊಟಕ್ಕೆ ಬಂದರು. ಊಟವಾದ ಮೇಲೆ ಇವರು ಮಗು ಮಾಡಿದ್ದನ್ನೆಲ್ಲ ಕೆಲಸದ ಮೇಜಿನ ಮೇಲೆ ಜೋಡಿಸಿ ತೋರಿಸಿದರು. ಡಬ್ಬಿ, ಅಲೆಯ ಹಾಳೆಗಳು, ಮೂರು ಪುಟ್ಟ ಪುಸ್ತಕಗಳು. "ಈ ಹೊಲಿಗೆ ನೋಡು. ದೊಡ್ಡವರು ಕಲಿಯೋಕೆ ವಾರ ಬೇಕು" ಎಂದರು. ಅಳಿಯ ಚೆನ್ನಾಗಿದೆ ಎಂದು ತಿರುಗಿಸಿ ನೋಡಿದ. ಮಗಳು ನೋಡಲಿಲ್ಲ. ಅವಳ ಮಡಿಲಲ್ಲಿ ಗುಲಾಬಿ ಪುಸ್ತಕವಿತ್ತು.

"ಅಪ್ಪ, ಕೂತ್ಕೊಳ್ಳಿ" ಎಂದು ಓದತೊಡಗಿದಳು. ಮಗುವಿನ ಬರಹ, ಅವಳ ದನಿ. "ತಾತ ಪುಸ್ತಕ ಹೇಗೆ ಕತ್ತರಿಸೋದು ಮರೆತರು. ನಾನು ಹೇಳಿಕೊಟ್ಟೆ. ತಾತ ಬಣ್ಣದ ಕಡೆ ಯಾವುದು ಮರೆತರು. ತಾತ ಮುಚ್ಚಳ ದೊಡ್ಡದು ಮಾಡೋದು ಮರೆತರು. ತಾತ ಸೂಜಿ ಎಲ್ಲಿಂದ ಹಾಕೋದು ಮರೆತರು. ನಿನ್ನೆ ಹೇಳಿದ್ದೆ, ಇವತ್ತೂ ಮರೆತರು." ಪುಟ ತಿರುಗಿಸಿದಳು. ಇಪ್ಪತ್ತು ದಿನಕ್ಕೆ ನಲವತ್ತೊಂದು.

ಇವರು ಮೊದಲು ಜೋರಾಗಿ ನಕ್ಕರು. "ಅದೆಲ್ಲ ಆಟ ಕಣಮ್ಮ! ಮಗು ಹಿಡೀಲಿ ಅಂತ ಬೇಕಂತಲೇ ಮಾಡಿದ್ದು."

"ಎಲ್ಲರೂ ಹಾಗೇ ಹೇಳ್ತಾರೆ ಅಪ್ಪ. ಲ್ಯಾಬಿಗೆ ಬರೋರು ಒಬ್ಬರಾದ್ರೂ ನನಗೆ ಮರೆವು ಅಂತ ಒಪ್ಕೋತಾರಾ?"

"ಒಪ್ಪೋದು ಬಿಡೋದು ಏನು ಬಂತು? ಕೇಳು ಬೇಕಾದ್ರೆ. ಇಣಚಿ, ತಾತ ಸುಮ್ಮನೆ ಆಟಕ್ಕೆ ಮಾಡಿದ್ದು ಅಲ್ವೇನೇ?"

ಇಣಚಿ ಹೆಮ್ಮೆಯಿಂದ ಎದ್ದು ನಿಂತಳು. "ಇಲ್ಲ, ತಾತ ನಿಜವಾಗ್ಲೂ ಮರೆತರು. ನಾನೇ ಹೇಳಿಕೊಟ್ಟಿದ್ದು ಎಲ್ಲಾನೂ!"

ಆಗ ಇವರ ನಗು ನಿಂತಿತು. ಒಂದು ಕ್ಷಣ ಆ ಗುಲಾಬಿ ಪುಸ್ತಕ, ಮಗು, ಮಗಳು, ಮೂರನ್ನೂ ಒಂದೊಂದಾಗಿ ನೋಡಿದರು. ಇಪ್ಪತ್ತು ದಿನ ತಮ್ಮ ಪಕ್ಕದಲ್ಲೇ ಏನು ನಡೆಯಿತು ಎಂದು ಅರಿವಾದದ್ದು ಮುಖದಲ್ಲೇ ಕಂಡಿತು. ಆದರೂ ಹೆದರಲಿಲ್ಲ. ನಾನಿದ್ದೆನಲ್ಲ. ನನ್ನ ಕಡೆ ತಿರುಗಿದರು.

"ನೀನು ಹೇಳೇ. ನಿನಗೆ ಗೊತ್ತಲ್ಲ, ನಾನು ಕಲಿಸೋದು ಹೇಗೆ ಅಂತ."

ಎಲ್ಲರೂ ನನ್ನನ್ನು ನೋಡಿದರು. ನನಗೆ ಮಾತಿಗೆ ಯಾವತ್ತೂ ಬರ ಇಲ್ಲ. ಬೀದಿಯವರೆಲ್ಲ ಒಂದಾದರೂ ಬಾಯಲ್ಲಿ ನನ್ನನ್ನು ಗೆಲ್ಲಲಾರರು. ಅವತ್ತು ನನ್ನ ಬಾಯಿಂದ ಬಂದದ್ದು ಇಷ್ಟೇ.

"ವಯಸ್ಸಾಯ್ತಲ್ಲ ರೀ ನಿಮಗೂ."

ಇವರು ಬೈಯಲಿಲ್ಲ. ಕೂಗಲಿಲ್ಲ. ನನ್ನನ್ನೇ ನೋಡುತ್ತಾ ಅಂಗಿ ಜೇಬಿಗೆ ಕೈ ಹಾಕಿ ಬೀಗದ ಕೈ ತೆಗೆದು ಮಗಳ ಮುಂದೆ ಮೇಜಿನ ಮೇಲಿಟ್ಟರು. "ಮಾತು ಕೊಟ್ಟಿದ್ದೆ" ಎಂದರು. ಮಗಳು ಅಳುತ್ತಾ ಇವರ ಕೈ ಹಿಡಿಯಲು ಬಂದಳು. ಇವರು ಎದ್ದು ಮಹಡಿಗೆ ಹೋದರು.

ಮಿಷನ್ನನ್ನು ಪೇಟೆಯ ಪ್ರಿಂಟಿಂಗ್ ಪ್ರೆಸ್ಸಿನವರು ತೆಗೆದುಕೊಂಡರು. ಸಾಗಿಸಲು ನಾಲ್ಕು ಆಳು ಬಂದಿದ್ದರು. ಹಿಂದಿನ ದಿನವೇ ಇವರು ಅದಕ್ಕೆ ಎಣ್ಣೆ ಹಾಕಿ ಒರೆಸಿ ಇಟ್ಟಿದ್ದರು. ಪ್ರೆಸ್ಸಿನವನಿಗೆ ಅಲಗು ಬಿಚ್ಚುವುದು, ಸಾಣೆಗೆ ಕೊಡುವುದು, ಮತ್ತೆ ಕೂರಿಸುವುದು, ಯಾವ ತಿರುಪು ಮೊದಲು, ಯಾವುದು ಆಮೇಲೆ, ಎಷ್ಟು ಸುತ್ತು, ಎಲ್ಲ ಹೇಳಿಕೊಟ್ಟರು. ಹನ್ನೆರಡು ತಿರುಪು, ಒಂದೂ ಬಿಡಲಿಲ್ಲ. ಈ ಸಲ ಕಲಿಸುವಾಗ ಬೇಕಂತ ಒಂದೇ ಒಂದು ತಪ್ಪನ್ನೂ ಮಾಡಲಿಲ್ಲ. ಮಗಳು ಪಕ್ಕದಲ್ಲೇ ನಿಂತಿದ್ದಳು. ಪ್ರೆಸ್ಸಿನವನು "ಇಷ್ಟು ನೆನಪಿರೋರು ಯಾಕೆ ಯಜಮಾನ್ರೇ ಕೊಡ್ತಿದ್ದೀರಾ?" ಎಂದು ಕೇಳಿದ. ಇವರು ಮಗಳನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. "ಮನೆಯವರು ಹೇಳಿದ್ರು" ಎಂದರು.

ಆ ವಾರವೇ ಕಿಟಕಿಯ ಕೆಳಗೆ ಮಂಚ ಬಂತು. ಗಾಳಿ ನಾನೆಣಿಸಿದ ಹಾಗೆಯೇ ಚೆನ್ನಾಗಿ ಬರುತ್ತದೆ. ಮಂಡಿನೋವು ಅರ್ಧಕ್ಕರ್ಧ ಇಳಿಯಿತು. ಸುಳ್ಳು ಯಾಕೆ ಹೇಳಲಿ. ದೊಡ್ಡ ಮಂಚವೇ, ಇಬ್ಬರಿಗೂ ಜಾಗವಿದೆ. ಇವರು ಒಂದು ದಿನವೂ ಅದರ ಮೇಲೆ ಮಲಗಲಿಲ್ಲ. ಊಟ ಮಾಡಿ, ತಟ್ಟೆ ತೊಳೆದಿಟ್ಟು, ಆ ಹದಿನಾಲ್ಕು ಮೆಟ್ಟಿಲು ಹತ್ತಿ ಮೇಲೆ ಹೋಗುತ್ತಾರೆ.

ಮಿಷನ್ನು ಹೋದದ್ದು ಒಂದು ಪಾಲು. ಅದಕ್ಕಿಂತ ದೊಡ್ಡದು ಆಮೇಲೆ ಹೋಯಿತು. ಬೈಂಡರಿಗೆ ಮರೆವಿನ ಕಾಯಿಲೆಯಂತೆ ಎಂಬ ಸುದ್ದಿ ಬೀದಿಗೆ ಹರಡಲು ವಾರ ಬೇಕಾಗಲಿಲ್ಲ. ಅಳಿಯ ಹೇಳಿದನೋ, ಆಳುಗಳು ಹೇಳಿದರೋ, ಆಡುವ ಬಾಯಿಗೆ ಕಾರಣ ಬೇಕೇ? ಅಂಗಡಿಯವನು ಇವರು ಕೇಳಿದ ಸಾಮಾನನ್ನು ಚೀಟಿಯಲ್ಲಿ ಬರೆದು ಜೇಬಿಗೆ ತುರುಕಿ ಕಳಿಸತೊಡಗಿದ. ಶಾಲೆಯ ಗುಮಾಸ್ತ ದಾರಿಯಲ್ಲಿ ಸಿಕ್ಕಿ "ನಾನು ಯಾರು ಗೊತ್ತಾಯ್ತಾ?" ಎಂದು ಕಿವುಡರಿಗೆ ಕೂಗುವ ಹಾಗೆ ಕೂಗಿದ. ಅವನ ಶಾಲೆಗೆ ಮೂವತ್ತು ವರ್ಷ ಹಾಜರಿ ಪುಸ್ತಕ ಕಟ್ಟಿಕೊಟ್ಟವರು ಇವರು. "ಗೊತ್ತಾಗದೆ ಏನು. ಆರನೇ ಕ್ಲಾಸಲ್ಲಿ ನೀನು ಹರಿದಿದ್ದ ಅಟ್ಲಾಸ್ ಹೊಲಿದಿದ್ದು ನಾನೇ" ಎಂದು ಹೇಳಿ ಬಂದರಂತೆ. ಮನೆಗೆ ಬಂದು ನನಗೆ ಇದನ್ನು ಹೇಳುವಾಗ ಇವರು ನಗಿಸಲು ನೋಡಲಿಲ್ಲ. ನಮ್ಮ ಮನೆಯಲ್ಲಿ ಆಗ ತಮಾಷೆಯೇ ನಿಂತುಹೋಗಿತ್ತು.

ಮುಂದಿನ ರಜೆಗೆ ಇಣಚಿ ಎರಡು ದಿನಕ್ಕೆ ಬಂದಳು. ಬಂದವಳೇ ಹಾಳೆ ಹಿಡಿದು ಮಹಡಿಗೆ ಓಡಿದಳು. ನಾನು ಸಂತೋಷಪಟ್ಟು, ಎಷ್ಟೋ ದಿನದ ಮೇಲೆ ಮೆಟ್ಟಿಲು ಹತ್ತಿ ಹೋಗಿ ಬಾಗಿಲಲ್ಲಿ ನಿಂತೆ. ಇವರು ಅವಳಿಗೆ ಲಕೋಟೆ ಮಾಡುವುದನ್ನು ಕಲಿಸುತ್ತಿದ್ದರು. ನಾಲ್ಕು ಮೂಲೆ ನಡುವಿಗೆ ತಂದು, ಕೆಳಗಿನ ಮೂರನ್ನು ಅಂಟಿಸಿ, ಮೇಲಿನದನ್ನು ಬಿಡುವುದು. ಒಂದು ಮಾಡಿದರು, ಸರಿ. ಎರಡು, ಸರಿ. ಮೂರು, ಸರಿ. ನಾಲ್ಕು, ಐದು, ಎಲ್ಲವೂ ಅಚ್ಚಿನಲ್ಲಿ ತೆಗೆದ ಹಾಗೆ.

ಇಣಚಿ ಕಾದಳು, ಕಾದಳು. "ತಾತ, ಯಾಕೆ ಮರೀತಿಲ್ಲ?" ಎಂದಳು.

"ಮರೆಯಲ್ಲಮ್ಮ. ನೀನು ಮಾಡು, ತಪ್ಪಾದ್ರೆ ನಾನು ಹೇಳ್ತೀನಿ."

ಅವಳು ಮಾಡಿದಳು. ಇವರು ತಪ್ಪು ಹೇಳಿದರು. ಮತ್ತೆ ಮಾಡಿದಳು. ಮತ್ತೆ ಹೇಳಿದರು. ಗದರಲಿಲ್ಲ, ಮೆಲ್ಲಗೇ ಹೇಳಿದರು. ಹತ್ತು ನಿಮಿಷಕ್ಕೆ ಮಗು ಹಾಳೆ ಬಿಟ್ಟು ಕೆಳಗೆ ಬಂದು ಟಿವಿ ಹಾಕಿಕೊಂಡಿತು. ಮರುದಿನ ಅವಳು ಹಾಳೆ ಮುಟ್ಟಲಿಲ್ಲ, ಇವರೂ ಕರೆಯಲಿಲ್ಲ.

ಅದನ್ನು ನೋಡಿ ನನ್ನಿಂದ ತಡೆಯಲಾಗಲಿಲ್ಲ. ಮಗುವನ್ನು ಕರೆದುಕೊಂಡು ಹೋಗಲು ಮಗಳು ಬಂದಾಗ ಅಡುಗೆಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದೆ. "ನಿಮ್ಮಪ್ಪನಿಗೆ ಮರೆವೂ ಇಲ್ಲ, ಮಣ್ಣೂ ಇಲ್ಲ. ಅವರು ಬೇಕಂತಲೇ ತಪ್ಪು ಮಾಡಿದ್ದು. ಕಲಿಸೋದೇ ಹಾಗೆ. ನನಗೆ ಗೊತ್ತಿತ್ತು. ಗೊತ್ತಿದ್ದೂ ಅವತ್ತು ಹೇಳಲಿಲ್ಲ" ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವಳು ಬೆಚ್ಚಿಬೀಳುತ್ತಾಳೆ, ಅಪ್ಪನ ಹತ್ತಿರ ಓಡಿಹೋಗಿ ಕ್ಷಮೆ ಕೇಳುತ್ತಾಳೆ ಎಂದುಕೊಂಡಿದ್ದೆ.

ಅವಳು ಸಿಂಕಿನ ಕಡೆ ನೋಡುತ್ತಾ ನಿಂತಳು. "ಗೊತ್ತಮ್ಮ" ಎಂದಳು.

"ಏನು ಗೊತ್ತು?"

"ನನಗೂ ಹಾಗೇ ಅಲ್ವಾ ಕಲಿಸಿದ್ದು. ಮಗ್ಗಿ ಹೇಳಿಕೊಡುವಾಗ ಏಳೆಂಟಲಿ ಐವತ್ತೈದು ಅಂತಿದ್ರು, ನಾನು ಹಿಡೀಲಿ ಅಂತ. ಇವಳ ಜೊತೆ ಕೂರಿಸಿದ್ರೆ ಹಾಗೇ ಮಾಡ್ತಾರೆ ಅಂತ ಗೊತ್ತಿತ್ತು."

"ಗೊತ್ತಿದ್ದೇ ಬರೆಸಿದ್ಯಾ?"

"ಇನ್ನೇನು ಮಾಡಲಿ? ಬೇರೆ ಯಾವ ದಾರೀಲಿ ಆ ಬ್ಲೇಡ್ ಬಿಡ್ತಿದ್ರು? ಕೈ ಹೋದ ಮೇಲೆ ಅಳೋ ಬದಲು ಈಗಲೇ ಅಳೋಣ ಅಂದ್ಕೊಂಡೆ." ಆಮೇಲೆ ನನ್ನನ್ನು ನೋಡಿದಳು. "ನೀನೂ ಸುಮ್ಮನಿದ್ಯಲ್ಲಮ್ಮ. ನಾನು ಓದುವಾಗ ನೀನು ಬೇಡ ಅಂತೀಯೇನೋ ಅಂತ ಹೆದರಿದ್ದೆ. ನೀನೂ ನನ್ನ ಕಡೆ ಅಂತ ಧೈರ್ಯ ಬಂತು."

ಅವಳ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಬಾರಿಸಿದರೆ ಅದರ ಅರ್ಧ ನನ್ನ ಕೆನ್ನೆಗೂ ಬೀಳಬೇಕಿತ್ತು. ಅವಳಿಗಾದರೂ ಅಪ್ಪನ ಬೆರಳಿನ ಚಿಂತೆ. ನನ್ನ ಚಿಂತೆ ಮಂಚದ್ದು.

ಅವರು ಹೋದ ಮೇಲೆ ಇವರು ಊಟಕ್ಕೆ ಬಂದರು. ಬಡಿಸುತ್ತಾ ಎಲ್ಲ ಹೇಳಿದೆ. ಹನ್ನೊಂದನೇ ದಿನವೇ ನನಗೆ ಗೊತ್ತಾಗಿದ್ದು, ಕಿಟಕಿಯ ಕೆಳಗೆ ಮಂಚ ಹಾಕುವ ಯೋಚನೆ ಬಂದಿದ್ದು, ಮಗಳು ಈಗ ಹೇಳಿದ್ದು, ಒಂದೂ ಬಿಡದೆ. ಇವರು ಅನ್ನ ಕಲಸುವುದನ್ನು ನಿಲ್ಲಿಸದೆ ಕೇಳಿದರು.

"ಮಗಳ ವಿಷಯ ನನಗೆ ಗೊತ್ತಿತ್ತು" ಎಂದರು. "ಓದುವಾಗ ಅವಳು ಒಂದು ಸಲಾನೂ ನನ್ನ ಮುಖ ನೋಡಲಿಲ್ಲ. ಅವಳಿಗೆ ಭಯ, ಹೋಗಲಿ. ನಿನ್ನ ಕಾಲಿಗೆ ಅಷ್ಟು ನೋವು ಅಂತ ಯಾಕೆ ಹೇಳಲಿಲ್ಲ?"

"ಹೇಳಿದ್ನಲ್ಲ ರೀ. ಎಷ್ಟು ಸಲ ಹೇಳಿದೀನಿ. ಸವತೀನ ಹೊರಗೆ ಹಾಕಿ ಅಂತ."

"ಅದು ತಮಾಷೆ. ನೋವು ಅಂತ ಒಂದು ದಿನ ನನ್ನ ಮುಂದೆ ಕೂತು ಹೇಳಿದ್ರೆ ಮಾರನೇ ದಿನವೇ ಮಿಷನ್ ಕೊಡ್ತಿದ್ದೆ ಕಣೇ. ನಾನೇ ಕೊಟ್ಟೆ ಅಂತ ಹೇಳ್ಕೊಂಡು ಓಡಾಡ್ತಿದ್ದೆ. ಈಗ ನೋಡು, ಅಂಗಡಿಯವನು ಜೇಬಿಗೆ ಚೀಟಿ ಹಾಕಿ ಕಳಿಸ್ತಾನೆ."

ನನಗೆ ಅಳು ಬಂತು. ಇವರ ಮುಂದೆ ನಾನು ಅತ್ತದ್ದು ಕಡಿಮೆ. "ತಪ್ಪಾಯ್ತು ರೀ" ಎಂದೆ.

ಇವರು ಕೈ ತೊಳೆದು, ತಟ್ಟೆಯನ್ನೂ ತೊಳೆದಿಟ್ಟು, ಒರೆಸಿಕೊಳ್ಳುತ್ತಾ ನಿಂತು ಕೇಳಿದರು.

"ಮರೆತು ಮಾಡಿದ್ದಾ, ಬೇಕಂತಲೇ ಮಾಡಿದ್ದಾ?"

ವ್ಯಂಗ್ಯ ಇರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು ಅವರಿಗೆ.

"ಬೇಕಂತಲೇ ರೀ" ಎಂದೆ.

ತಲೆಯಾಡಿಸಿದರು. ಟವಲನ್ನು ಗೂಟಕ್ಕೆ ಹಾಕಿ, ಮೆಟ್ಟಿಲು ಹತ್ತಿ ಮೇಲೆ ಹೋದರು.